ಬಲೆಯ ಕಣ್ಣು

ನಮ್ಮ ಭಾಷೆಯಲ್ಲಿ ಬಲೆಯ ರಂಧ್ರಕ್ಕೆ ‘ಕಣ್ಣು’ ಎಂದು ಹೆಸರು. ಸಣ್ಣ ಕಣ್ಣಿನ ಬಲೆ, ದೊಡ್ಡ ಕಣ್ಣಿನ ಬಲೆ ಎಂದು ಬಲೆಗಳನ್ನು ವಿಂಗಡಿಸುವುದು ವಾಡಿಕೆ. ಸಂಸ್ಕೃತದ ‘ಜಾಲ’ ಶಬ್ದಕ್ಕೂ ಬಲೆ ಎಂಬುದರ ಜೊತೆಗೆ ಕಿಟಕಿಯ ಜಾಲರಿ ಎಂಬ ಅರ್ಥವುಂಟು. ಹಳೆಯ ಮನೆಗಳ ಜಾಲಂದ್ರ ಆ ಶಬ್ದದ ಬಳಗಕ್ಕೇ ಸೇರಿದ್ದು. ಬಲೆ ಎಂದೊಡನೆ ಅದು ಹಿಡಿಯುವ ಸಾಧನವೆಂದೇ ನಾವು ಭಾವಿಸುತ್ತೇವೆ. ಆದರೆ ಅದರಲ್ಲಿ ನೂಲಿಗಿಂತ ತೆರಪೇ ಹೆಚ್ಚು. ಹಿಡಿಯುವ ಕೆಲಸ ನೂಲಿನದು, ಬಿಡುವ ಕೆಲಸ ಕಣ್ಣಿನದು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಬಲೆ ಹೆಣೆಯುವವನು ಕಣ್ಣಿನ ಅಳತೆಯಲ್ಲಿಯೇ ಅಡಗಿಸಿಟ್ಟಿರುತ್ತಾನೆ. ಈ ತೀರ್ಮಾನವನ್ನು ಕುರಿತು ಆರು ನೂರು ವರ್ಷಗಳಿಗೂ ಮಿಕ್ಕಿ ನಡೆದಿರುವ ವಾದವೊಂದರ ಚರಿತ್ರೆಯನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ವಾದದ ಕೇಂದ್ರದಲ್ಲಿರುವುದು ಟ್ರಾಲ್ ಎಂಬ ಎಳೆಬಲೆ.

ಟ್ರಾಲ್ ಬಲೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ನಮ್ಮ ಕರಾವಳಿಯ ರಂಪಣಿಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ದಡದ ಹತ್ತಿರ ಬಂಗುಡೆಯೋ ಬೂತಾಯಿಯೋ ಗುಂಪುಗೂಡಿ ಬಂದುದನ್ನು ಕಣ್ಣಾರೆ ಕಂಡು, ಆ ಗುಂಪನ್ನು ಸುತ್ತುವರಿದು, ಊರಿನ ಜನರೆಲ್ಲ ಸೇರಿ ದಡಕ್ಕೆ ಎಳೆಯುವ ಬಲೆ ಅದು. ಟ್ರಾಲ್ ಬಲೆಯ ರೀತಿ ಬೇರೆ. ಅದು ಅಗಲವಾದ ಬಾಯಿಯೂ ಕಿರಿದಾಗುತ್ತ ಹೋಗುವ ಒಡಲೂ ಉಳ್ಳ ಒಂದು ದೊಡ್ಡ ಚೀಲ. ದೋಣಿ ಅದನ್ನು ಕಡಲ ತಳದ ಮೇಲೆ ಗಂಟೆಗಟ್ಟಲೆ ಎಳೆದುಕೊಂಡು ಹೋಗುತ್ತದೆ. ಬಾಯೊಳಗೆ ಬಂದುದೆಲ್ಲವೂ ಹಿಂದಕ್ಕೆ ಸರಿದು ತುದಿಯ ಕೊನೆಚೀಲದಲ್ಲಿ ಶೇಖರವಾಗುತ್ತದೆ. ಎಳೆಯುವವನಿಗೆ ತಳದಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಬಲೆಯನ್ನು ಮೇಲೆತ್ತಿ, ಕೊನೆಚೀಲದ ಗಂಟು ಬಿಚ್ಚಿ, ಒಳಗಿನದನ್ನು ದೋಣಿಯ ಹಲಗೆಯ ಮೇಲೆ ಸುರಿದಾಗಲೇ ಅವನಿಗೆ ಅದರ ದರ್ಶನ. ಆ ವೇಳೆಗೆ ಅದರಲ್ಲಿ ಬಹುಪಾಲು ಸತ್ತಿರುತ್ತದೆ, ಇಲ್ಲವೆ ಸಾಯುತ್ತಿರುತ್ತದೆ. ಆದ್ದರಿಂದ ಬೇಡವಾದುದನ್ನು ಬಿಡುವ ವಿವೇಕ ಮೀನುಗಾರನ ಕೈಯಲ್ಲಿದ್ದರೆ ಸಾಲದು. ಅದು ನೀರಿನೊಳಗಿನ ಬಲೆಯಲ್ಲಿಯೇ ಇರಬೇಕಾಗುತ್ತದೆ.

ಈ ಮಾತನ್ನು ಮೊದಲು ಗ್ರಹಿಸಿದವರು ಪಂಡಿತರಲ್ಲ, ಸಾಮಾನ್ಯ ಬೆಸ್ತರು. 1376ನೆಯ ಇಸವಿಯಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನ ಕಾಲದ ಪಾರ್ಲಿಮೆಂಟಿಗೆ ಒಂದು ಬಿನ್ನವತ್ತಳೆ ಬಂದಿತು. ಕೆಲವರು ವೊಂಡಿರ್‌ಚೌನ್ ಎಂಬ ಹೊಸ ಸಾಧನವೊಂದನ್ನು ಮಾಡಿಕೊಂಡಿದ್ದಾರೆ, ಅದಕ್ಕೆ ಕಟ್ಟಿರುವ ಬಲೆಯ ಕಣ್ಣು ಎಷ್ಟು ಕಿರಿದೆಂದರೆ ಒಳಹೊಕ್ಕ ಯಾವ ಸಣ್ಣ ಮೀನಿಗೂ ಹೊರಬರುವ ದಾರಿಯಿಲ್ಲ ಎಂಬುದು ಮೊದಲ ದೂರು. ಅದರ ಭಾರವಾದ ಕಬ್ಬಿಣ ಕಡಲ ತಳವನ್ನು ಕೆರೆದು ಅಲ್ಲಿಯ ಸಸ್ಯಗಳನ್ನೂ, ದೊಡ್ಡ ಮೀನುಗಳಿಗೆ ಆಹಾರವಾದ ಚಿಪ್ಪುಜೀವಿಗಳ ಮರಿಗಳನ್ನೂ ಹಾಳುಮಾಡುತ್ತದೆ ಎಂಬುದು ಎರಡನೆಯದು. ಮೂರನೆಯ ದೂರು ಬಹಳ ಗಮನಾರ್ಹವಾದುದು. ಹೀಗೆ ಬಂದ ಸಣ್ಣ ಮೀನು ಎಷ್ಟಿತ್ತೆಂದರೆ ಅದನ್ನು ಏನು ಮಾಡಬೇಕೆಂದು ತೋಚದೆ ಜನ ಹಂದಿಗಳಿಗೆ ಹಾಕಿ ಅವನ್ನು ಕೊಬ್ಬಿಸುತ್ತಿದ್ದರಂತೆ. ಬಿನ್ನಹವನ್ನು ಕೇಳಿ ವಿಚಾರಣೆಗೆ ಆಜ್ಞೆಯಾಯಿತು. ಆದರೆ ಸಾಧನವು ಮಾಯವಾಗಲಿಲ್ಲ. ಹಂದಿಯ ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಅದಕ್ಕೆ ಪ್ರಯೋಜನವಿದೆ.

ಹಾಯಿಯ ಕಾಲದಲ್ಲಿ ಈ ಬಲೆಯ ಪ್ರತಾಪಕ್ಕೆ ಪ್ರಕೃತಿಯೇ ಒಂದು ಮಿತಿಯನ್ನು ಹಾಕಿತ್ತು. ಬಲೆಯ ಬಾಯಿ ಮುಚ್ಚಿಕೊಳ್ಳದಂತೆ ಅದಕ್ಕೆ ಅಡ್ಡಲಾಗಿ ಒಂದು ಮರದ ತೊಲೆಯನ್ನು ಕಟ್ಟುತ್ತಿದ್ದರು. ತೊಲೆ ಎಷ್ಟು ಉದ್ದವೋ ಬಾಯಿಯೂ ಅಷ್ಟೇ ಅಗಲ. ಗಾಳಿಯಿಲ್ಲದ ದಿನ ದೋಣಿ ನಿಂತಲ್ಲಿಯೇ ನಿಲ್ಲುತ್ತಿತ್ತು. ತೀರ ಆಳವಾದ ನೀರೂ, ಒರಟಾದ ಬಂಡೆಯ ತಳವೂ ಬಲೆಗೆ ಎಟುಕುತ್ತಿರಲಿಲ್ಲ. ಹೀಗೆ ಬಲೆಯ ಕಣ್ಣಿನಲ್ಲಿ ಇಲ್ಲದ ದಯೆ ಗಾಳಿಯಲ್ಲಿಯೂ ಬಂಡೆಯಲ್ಲಿಯೂ ಇತ್ತು ಎನ್ನಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಬಂದರಿನ ಮೀನು ಕೆಡದೆ ದೊಡ್ಡ ನಗರಗಳನ್ನು ತಲುಪತೊಡಗಿತು. ಬೇಡಿಕೆ ಹೆಚ್ಚಿತು, ಟ್ರಾಲ್ ದೋಣಿಗಳ ಸಂಖ್ಯೆ ಬೆಳೆಯಿತು, ಉಳಿದ ಬೆಸ್ತರ ದೂರುಗಳೂ ಬೆಳೆದುವು. 1863ರಲ್ಲಿ ಬ್ರಿಟಿಷ್ ಸರ್ಕಾರ ಒಂದು ವಿಚಾರಣಾ ಆಯೋಗವನ್ನು ನೇಮಿಸಿತು. ಡಾರ್ವಿನ್ನನ ಸಿದ್ಧಾಂತದ ಸಮರ್ಥಕನೆಂದು ಹೆಸರಾದ ಥಾಮಸ್ ಹೆನ್ರಿ ಹಕ್ಸ್‌ಲಿ ಅದರ ಸದಸ್ಯರಲ್ಲೊಬ್ಬ. ಆಯೋಗ 1866ರಲ್ಲಿ ವರದಿಯನ್ನೊಪ್ಪಿಸಿ, ಕಡಲ ಮೀನುಗಾರಿಕೆಯ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಬೇಕೆಂದು ಸೂಚಿಸಿತು. 1868ರ ಶಾಸನ ಆ ಸೂಚನೆಯನ್ನು ಬಹುಮಟ್ಟಿಗೆ ಅನುಸರಿಸಿತು. 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಹಕ್ಸ್‌ಲಿ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಕಾಡ್, ಹೆರಿಂಗ್ ಮೊದಲಾದ ದೊಡ್ಡ ಕಡಲ ಮೀನುಗಾರಿಕೆಗಳು ಬಹುಶಃ ಬತ್ತಲಾರದವು ಎಂದು ಅವನು ಅಲ್ಲಿ ಅಭಿಪ್ರಾಯಪಟ್ಟ.

ಈ ಮಾತಿಗಾಗಿ ಹಕ್ಸ್‌ಲಿಯನ್ನು ಪರಿಹಾಸ ಮಾಡುವುದು ಸುಲಭ. ಆದರೆ ಅವನು ಒಂದು ಷರತ್ತನ್ನೂ ಸೇರಿಸಿದ್ದನೆಂಬುದನ್ನು ಮರೆಯಬಾರದು. ಈಗ ರೂಢಿಯಲ್ಲಿರುವ ಮೀನುಗಾರಿಕೆಯ ವಿಧಾನಗಳನ್ನು ಗಮನಿಸಿದರೆ ಎಂಬುದು ಅವನ ಷರತ್ತಿನ ತಾತ್ಪರ್ಯ. ಅವನು ಮಾತನಾಡುತ್ತಿದ್ದಾಗಲೇ ಆ ವಿಧಾನಗಳು ಮಾರ್ಪಡುತ್ತಿದ್ದುವು. 1877ರಲ್ಲಿ ನಾರ್ತ್ ಶೀಲ್ಡ್ಸ್ ಬಂದರಿನ ವಿಲಿಯಂ ಪರ್ಡಿ ಎಂಬಾತ, ಹಡಗುಗಳನ್ನು ಎಳೆಯುವ ತನ್ನ ಉಗಿದೋಣಿಗೆ ಟ್ರಾಲ್ ಬಲೆಯನ್ನು ಕಟ್ಟಿ ಎಳೆದು ನೋಡಿದ್ದ. 1881ರಲ್ಲಿ ಗ್ರಿಮ್ಸ್‌ಬಿಯವರಿಗಾಗಿ ‘ಜೋಡಿಯಾಕ್’ ಎಂಬ ಉಗಿ ಟ್ರಾಲರು ಸಿದ್ಧವಾಗಿತ್ತು. ದೋಣಿ ಗಾಳಿಯ ಹಂಗನ್ನು ತೊರೆಯಿತು.

ತೊಲೆಯ ಹಂಗು ಇನ್ನೂ ಉಳಿದಿತ್ತು. ಅದನ್ನು ನೀಗಿಸಿದ್ದು ಎರಡು ಹಲಗೆಗಳು. 1894ರಲ್ಲಿ ಸ್ಕಾಟ್‌ಲೆಂಡಿನ ಗ್ರಾಂಟನ್ನಿನ ಸ್ಕಾಟ್ ಎಂಬಾತ ಬಲೆಯ ಎರಡು ಪಕ್ಕಗಳಿಗೆ ಒಂದೊಂದು ಭಾರವಾದ ಹಲಗೆಯನ್ನು ಓರೆಯಾಗಿ ನಿಲ್ಲುವಂತೆ ಕಟ್ಟುವ ಕ್ರಮವನ್ನು ಬಳಕೆಗೆ ತಂದ. ಗಾಳಿಪಟದ ಸೂತ್ರವನ್ನು ಓರೆಯಾಗಿ ಕಟ್ಟಿದಾಗ ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದಷ್ಟೆ? ಹಾಗೆಯೇ ದೋಣಿ ಮುಂದೆ ಸಾಗಿದಂತೆ ನೀರಿನ ಒತ್ತಡ ಈ ಹಲಗೆಗಳನ್ನು ಎಡಕ್ಕೊಂದು ಬಲಕ್ಕೊಂದು ಸರಿಸಿ ಬಲೆಯ ಬಾಯಿಯನ್ನು ಅಗಲಿಸುತ್ತದೆ. ಇನ್ನು ಬಾಯಿಯ ಅಗಲಕ್ಕೆ ತೊಲೆಯ ಉದ್ದದ ಮಿತಿಯಿಲ್ಲ. ಎಂಜಿನ್ನಿನ ಬಲವೇ ಮಿತಿ. 1920ರ ದಶಕದಲ್ಲಿ ಫ್ರಾನ್ಸಿನ ವಿಗ್ನೆರಾನ್–ಡಾಲ್ ವಿಧಾನ ಬಂದು ಹಲಗೆಗೂ ಬಲೆಗೂ ನಡುವೆ ಉದ್ದನೆಯ ಹಗ್ಗಗಳನ್ನು ಸೇರಿಸಿತು. ತಳವನ್ನು ಸವರಿಕೊಂಡು ಬರುವ ಆ ಹಗ್ಗಗಳೂ, ಹಲಗೆಗಳು ಎಬ್ಬಿಸುವ ಕೆಸರಿನ ಮೋಡವೂ ಮೀನನ್ನು ಬೆದರಿಸಿ ಬಲೆಯ ಬಾಯಿಗೆ ಅಟ್ಟುತ್ತವೆ. ದೂರದಲ್ಲಿರುವ ಮೀನೂ ಬೇಲಿಯ ನಡುವೆ ನುಗ್ಗುವ ದನದಂತೆ ನಡುವಿಗೆ ಬರುತ್ತದೆ.

ಇದರ ಫಲವೇನಾಯಿತು? 1900ರಲ್ಲಿ ವಾಲ್ಟರ್ ಗಾರ್‌ಸ್ಟಾಂಗ್ ಎಂಬ ಪ್ರಾಣಿಶಾಸ್ತ್ರಜ್ಞ ಕಡಲು ಬಡವಾಗುತ್ತಿದೆಯೆ ಎಂಬ ಪ್ರಶ್ನೆಯನ್ನೆತ್ತಿಕೊಂಡು ಅಂಕಿ ಅಂಶಗಳನ್ನು ಪರಿಶೀಲಿಸಿದ. ಅವನ ಜಾಣ್ಮೆಯಿರುವುದು ಎಣಿಕೆಯ ಕ್ರಮದಲ್ಲಿ. ಒಟ್ಟು ಎಷ್ಟು ಮೀನು ಬಂದಿತೆಂದು ಕೇಳಿದರೆ ಇಳುವರಿ ಕುಗ್ಗಿದಂತೆ ತೋರುತ್ತಿರಲಿಲ್ಲ. ಒಂದು ಹಾಯಿದೋಣಿಯ ಶಕ್ತಿಯನ್ನು ಅಳತೆಗೋಲಾಗಿಟ್ಟುಕೊಂಡು, ಉಗಿದೋಣಿಯನ್ನು ಅಂಥ ಹಲವು ದೋಣಿಗಳಿಗೆ ಸಮವೆಂದು ಗಣಿಸಿ, ಒಂದು ಅಳತೆಗೆ ಎಷ್ಟು ಮೀನು ಸಿಕ್ಕಿತೆಂದು ಅವನು ಕೇಳಿದ. ಆಗ ಸತ್ಯ ಹೊರಬಿದ್ದಿತು: ಹತ್ತು ವರ್ಷಗಳೊಳಗೆ ಅದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಇದೇ ಬಗೆಯ ಲೆಕ್ಕವನ್ನು ಇಡೀ ಶತಮಾನಕ್ಕೆ ವಿಸ್ತರಿಸಿ 2010ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, 1889ರಿಂದ 2007ರ ವರೆಗೆ ಬ್ರಿಟನ್ನಿನ ಟ್ರಾಲ್ ದೋಣಿಗಳ ಒಂದು ಘಟಕ ಶಕ್ತಿಗೆ ದೊರೆಯುವ ತಳಮೀನು ಶೇಕಡಾ 94ರಷ್ಟು ಕುಸಿದಿದೆ. ಅಂದರೆ ಮುತ್ತಜ್ಜ ಹಾಯಿ ಬಿಚ್ಚಿ ತಂದಷ್ಟು ಮೀನನ್ನು ತರಲು ಮರಿಮಗ ಅವನ ಹದಿನೇಳರಷ್ಟು ಶಕ್ತಿಯನ್ನು ವ್ಯಯಿಸಬೇಕು.

ಬಲೆಯ ಕಣ್ಣನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಕಾರ್ಯ ಇಪ್ಪತ್ತನೆಯ ಶತಮಾನದಲ್ಲಿ ಆರಂಭವಾಯಿತು. ವಿಧಾನ ಸರಳವಾದುದು. ಕೊನೆಚೀಲದ ಮೇಲೆ ಬಹು ಸಣ್ಣ ಕಣ್ಣಿನ ಇನ್ನೊಂದು ಚೀಲವನ್ನು ಸಡಿಲವಾಗಿ ಹೊದಿಸುವುದು; ಒಳಚೀಲದಿಂದ ತಪ್ಪಿಸಿಕೊಂಡ ಮೀನನ್ನು ಹೊರಚೀಲದಲ್ಲಿ ಹಿಡಿದು ಎರಡನ್ನೂ ಎಣಿಸುವುದು. ಹೀಗೆ ಎಣಿಸಿದಾಗ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ದಡದಲ್ಲಿ ಅಳೆದಾಗ ಸಾಕಷ್ಟು ದೊಡ್ಡದಾಗಿರುವ ಕಣ್ಣು ನೀರಿನಲ್ಲಿ ಆ ಕೆಲಸವನ್ನು ಮಾಡುವುದಿಲ್ಲ. ವಜ್ರಾಕೃತಿಯ ಕಣ್ಣನ್ನು ಉದ್ದಕ್ಕೆ ಎಳೆದರೆ ಅದು ಅಡ್ಡಕ್ಕೆ ಮುಚ್ಚಿಕೊಳ್ಳುತ್ತದೆ. ಸಂತೆಗೆ ಒಯ್ಯುವ ಹೆಣೆದ ಚೀಲಕ್ಕೆ ಭಾರ ಹಾಕಿ ಎತ್ತಿದರೆ ಇದು ಯಾರಿಗೂ ಕಾಣುತ್ತದೆ. ಮೀನಿನ ಭಾರದಿಂದ ಕೊನೆಚೀಲ ಉಬ್ಬಿದಾಗ, ಆ ಉಬ್ಬಿನ ಎದುರಿನ ಕೆಲವು ಸಾಲು ಕಣ್ಣುಗಳು ಮಾತ್ರ ತೆರೆದಿರುತ್ತವೆ. ಉಳಿದವು ಸೀಳಿನಂತೆ ಮುಚ್ಚಿರುತ್ತವೆ. ಕಾನೂನಿನ ಅಳತೆಗೋಲಿಗೆ ತೆರೆದುಕೊಳ್ಳುವ ಕಣ್ಣು ಮರಿಮೀನಿಗೆ ತೆರೆದುಕೊಳ್ಳುವುದಿಲ್ಲ.

ಕಣ್ಣಿನ ಕನಿಷ್ಠ ಅಳತೆಯನ್ನು ಗೊತ್ತುಪಡಿಸಲು 1937ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳ ಒಪ್ಪಂದವೊಂದು ರೂಪುಗೊಂಡಿತು. ಯುದ್ಧ ಅದನ್ನು ನುಂಗಿತು. 1946ರಲ್ಲಿ ಇನ್ನೊಂದಕ್ಕೆ ಸಹಿ ಬಿದ್ದು ಅದು 1953ರಲ್ಲಿ ಜಾರಿಗೆ ಬಂದಿತು. ಶಾಸನ ಒಂದು ಕಡೆ ಬೆಳೆದಂತೆ ಉಪಾಯಗಳು ಇನ್ನೊಂದು ಕಡೆ ಬೆಳೆದುವು. ಚೀಲದೊಳಗೊಂದು ಚೀಲ, ಸವೆತ ತಡೆಯುವ ನೆಪದಲ್ಲಿ ಹೊರಗೊಂದು ಹೊದಿಕೆ, ಮಡಿಕೆಯಾಗದಷ್ಟು ದಪ್ಪ ನೂಲು — ಇವುಗಳಲ್ಲಿ ಯಾವುದೊಂದಿದ್ದರೂ ಕಣ್ಣಿನ ಅಳತೆ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ, ಕಣ್ಣು ಮಾತ್ರ ಕುರುಡಾಗುತ್ತದೆ.

ಇದಕ್ಕೆ ಕಂಡುಕೊಂಡ ಒಂದು ಪರಿಹಾರ ಎಷ್ಟು ಸರಳವೆಂದರೆ, ಇಷ್ಟು ತಡವಾಗಿ ಏಕೆ ಬಂದಿತೆಂದು ಆಶ್ಚರ್ಯವಾಗುತ್ತದೆ. ಅದೇ ಬಲೆಯನ್ನು ನಲವತ್ತೈದು ಡಿಗ್ರಿ ತಿರುಗಿಸಿ ಹೊಲಿದರೆ ವಜ್ರದ ಕಣ್ಣು ಚೌಕದ ಕಣ್ಣಾಗುತ್ತದೆ. ಚೌಕದ ಎರಡು ಬದಿ ಎಳೆತದ ದಿಕ್ಕಿನಲ್ಲಿಯೂ ಎರಡು ಬದಿ ಅದಕ್ಕೆ ಅಡ್ಡವಾಗಿಯೂ ಇರುವುದರಿಂದ ಎಳೆತದಲ್ಲಿ ಅದು ಮುಚ್ಚಿಕೊಳ್ಳುವುದಿಲ್ಲ. ದುಂಡು ಮೈಯ ಎಳೆ ಮೀನುಗಳು ಅದರ ಮೂಲಕ ಸುಲಭವಾಗಿ ಪಾರಾಗುತ್ತವೆ. ಆದರೆ ನಂಗಿನಂಥ ಚಪ್ಪಟೆ ಮೀನುಗಳಿಗೆ ವಜ್ರದ ಕಣ್ಣೇ ಅನುಕೂಲ. ಎಲ್ಲ ಮೀನಿಗೂ ಒಂದೇ ಕಣ್ಣು ನ್ಯಾಯವಾಗಲಾರದು ಎಂಬುದು ಇದರಿಂದ ತಿಳಿಯುವ ಮಾತು.

ಗಾತ್ರವೊಂದರಿಂದಲೇ ವಿಂಗಡಿಸಬೇಕೆಂದೇನೂ ಇಲ್ಲ. ಮೀನುಗಳಿಗೂ ಒಂದೊಂದು ಸ್ವಭಾವವುಂಟು. ಸ್ಕಾಟ್‌ಲೆಂಡಿನ ಅಬರ್ಡೀನಿನ ಕಡಲ ಪ್ರಯೋಗಾಲಯದವರು ಬಲೆಯ ಜೊತೆಗೇ ಮುಳುಗುಗಾರರನ್ನು ಇಳಿಸಿ, ನೀರಿನಡಿಯಲ್ಲಿ ಚಿತ್ರ ತೆಗೆದು ಅದನ್ನು ಅಭ್ಯಾಸಮಾಡಿದರು. ಬಲೆಯ ಬಾಯಿಯಲ್ಲಿ ಮೀನು ಬಲೆಯ ವೇಗಕ್ಕೆ ಸರಿಯಾಗಿ ಮುಂದೆ ಮುಂದೆ ಈಜುತ್ತದೆ; ದಣಿದಾಗ ಹಿಂದಿರುಗಿ ಒಳಕ್ಕೆ ಬೀಳುತ್ತದೆ. ದಣಿದ ಹ್ಯಾಡಾಕ್ ಮೇಲಕ್ಕೇಳುತ್ತದೆ. ಕಾಡ್ ಮೀನು ತಳವನ್ನೇ ನೆಚ್ಚಿಕೊಂಡಿರುತ್ತದೆ. ಹಾಗಾದರೆ ಬಲೆಯ ನಡುವೆ ಅಡ್ಡಲಾಗಿ ಒಂದು ಬಲೆಯ ಪರದೆ ಕಟ್ಟಿ, ಮೇಲಿನದಕ್ಕೊಂದು ಚೀಲ, ಕೆಳಗಿನದಕ್ಕೊಂದು ಚೀಲ ಮಾಡಿದರೆ ಎರಡು ಜಾತಿಯ ಮೀನುಗಳು ತಾವಾಗಿಯೇ ಬೇರ್ಪಡುತ್ತವೆ. ಸಿಗಡಿಯಾದರೋ ಬಲೆಯ ಎದುರು ಹೀಗೆ ಈಜಿ ನಿಲ್ಲಲಾರದು. ನೀರಿನೊಡನೆ ಹಿಂದಕ್ಕೆ ತೇಲಿಹೋಗುತ್ತದೆ. ಮುಂದಿನ ಕಥೆಗೆ ಈ ಭೇದವೇ ಆಧಾರ.

ಟ್ರಾಲ್ ಬಲೆಗಳಲ್ಲೆಲ್ಲ ಅತ್ಯಂತ ಕಠಿಣವಾದುದು ಸಿಗಡಿಯ ಬಲೆ. ಸಿಗಡಿ ಸಣ್ಣದು, ಆದುದರಿಂದ ಕಣ್ಣೂ ಸಣ್ಣದು. ಉಷ್ಣವಲಯದ ಕಡಲಿನಲ್ಲಿ ಸಿಗಡಿಯ ಜೊತೆಗೆ ನೂರಾರು ಜಾತಿಯ ಜೀವಿಗಳು ವಾಸಿಸುತ್ತವೆ. ಸಿಗಡಿಯನ್ನು ಉಳಿಸಿಕೊಳ್ಳುವ ಕಣ್ಣು ಅವುಗಳ ಮರಿಗಳನ್ನೂ ಉಳಿಸಿಕೊಳ್ಳುತ್ತದೆ. 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ ಲೋಕದ ಮೀನುಗಾರರು ವರ್ಷಕ್ಕೆ 2 ಕೋಟಿ 70 ಲಕ್ಷ ಟನ್ನು ಜೀವಿಗಳನ್ನು ಹಿಡಿದು ಮರಳಿ ಕಡಲಿಗೆ ಎಸೆಯುತ್ತಿದ್ದರು. ಅದರಲ್ಲಿ ಸಿಗಡಿಯ ಟ್ರಾಲಿನ ಪಾಲು ಹೆಚ್ಚುಕಡಿಮೆ ಮೂರರಲ್ಲೊಂದು. 2019ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಹೊಸ ಅಂದಾಜಿನಲ್ಲಿ ಈ ಮೊತ್ತ 91 ಲಕ್ಷ ಟನ್ನು. ಲೆಕ್ಕದ ಕ್ರಮ ಬೇರೆಯಾದುದರಿಂದ ಎರಡನ್ನೂ ಸರಿಸಾಟಿಯಾಗಿ ಹೋಲಿಸಲಾಗದು. ಎಸೆತ ಇಳಿದದ್ದಂತೂ ನಿಜ. ಆದರೆ ಎಸೆಯುವುದು ಕಡಿಮೆಯಾದರೆ ಹಿಡಿಯುವುದು ಕಡಿಮೆಯಾಯಿತೆಂದು ಅರ್ಥವೆ? ಈ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯಲ್ಲಿಯೇ ಇದೆ. ಅದನ್ನು ಮುಂದೆ ನೋಡೋಣ.

ಸಿಗಡಿಯ ಬಲೆಗೆ ಹೊರಬಾಗಿಲನ್ನು ಇಟ್ಟವರು ವಿಜ್ಞಾನಿಗಳಿಗಿಂತ ಮೊದಲು ಮೀನುಗಾರರೇ, ಅದೂ ಪರೋಪಕಾರಕ್ಕಾಗಿ ಅಲ್ಲ, ಜೆಲ್ಲಿ ಮೀನಿನ ಕಾಟ ತಾಳಲಾರದೆ, ಎಂಬುದು ಸ್ವಾರಸ್ಯದ ಸಂಗತಿ. ಲೋಳೆಯಂಥ ಜೆಲ್ಲಿ ಮೀನು ಬಲೆ ತುಂಬಿದರೆ ಬಲೆ ಹರಿಯುತ್ತದೆ, ಸಿಗಡಿ ಜಜ್ಜಿಹೋಗುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸಿಂಕಿ ಬೂನ್ ಎಂಬ ಸಿಗಡಿ ಮೀನುಗಾರ ಬಲೆಯ ಕುತ್ತಿಗೆಯಲ್ಲಿ ಸರಳುಗಳ ಚೌಕಟ್ಟೊಂದನ್ನು ಓರೆಯಾಗಿ ನಿಲ್ಲಿಸಿದ. ಸಿಗಡಿ ಸರಳುಗಳ ನಡುವೆ ನುಸುಳಿ ಚೀಲಕ್ಕೆ ಹೋಗುತ್ತದೆ. ದೊಡ್ಡ ಜೀವಿ ಸರಳುಗಳಿಗೆ ತಗುಲಿ, ಓರೆಯ ಮೇಲೆ ಜಾರಿ, ಅಲ್ಲಿ ಕತ್ತರಿಸಿಟ್ಟ ಕಿಂಡಿಯಿಂದ ಹೊರಹೋಗುತ್ತದೆ. ನಾರ್ವೆಯ ನಾರ್ಡ್‌ಮೋರೆ ಪ್ರಾಂತದ ಮೀನುಗಾರರೂ ಇದೇ ಕಾಟಕ್ಕೆ ಇದೇ ಬಗೆಯ ಪರಿಹಾರವನ್ನು ಕಂಡುಕೊಂಡರು. 1989ರ ವೇಳೆಗೆ ಅಲ್ಲಿಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಜೆಲ್ಲಿ ಮೀನಿನ ಜೊತೆಗೆ ಎಳೆಯ ಕಾಡ್ ಮತ್ತು ಹ್ಯಾಡಾಕ್ ಮೀನುಗಳೂ ಪಾರಾಗುವುದನ್ನು ಕಂಡರು. ಸರಳುಗಳ ನಡುವಣ ಅಂತರ 19 ಮಿಲಿಮೀಟರು. 1990ರ ದಶಕದ ಆರಂಭದಲ್ಲಿ ನಾರ್ವೆ ತನ್ನ ಸಿಗಡಿ ದೋಣಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಸಿಗಡಿಯ ನಷ್ಟ ಅತ್ಯಲ್ಪವಾದುದರಿಂದಲೂ, ಆರಿಸುವ ಶ್ರಮ ಉಳಿದುದರಿಂದಲೂ ಮೀನುಗಾರರು ಅದನ್ನು ಒಪ್ಪಿಕೊಂಡರು.

ಅಮೆರಿಕದಲ್ಲಿ ಅದು ಅಷ್ಟು ಸುಗಮವಾಗಲಿಲ್ಲ. ಅಲ್ಲಿಯ ಪ್ರಶ್ನೆ ಕಡಲಾಮೆಯದು. ಆಮೆಗೆ ಉಸಿರಾಡಲು ಗಾಳಿ ಬೇಕು. ಬಲೆಯಲ್ಲಿ ಸಿಕ್ಕು ನೀರಿನಡಿಯಲ್ಲಿಯೇ ಉಳಿದರೆ ಅದು ಮೀನಿನ ಮನೆಯಲ್ಲಿಯೇ ಮುಳುಗಿ ಸಾಯುತ್ತದೆ. ಮೆಕ್ಸಿಕೋ ಕೊಲ್ಲಿಯ ಕೆಂಪ್ಸ್ ರಿಡ್ಲಿ ಜಾತಿಯ ಆಮೆಯ ಗೂಡುಗಳು 1985ರಲ್ಲಿ 702ಕ್ಕೆ ಇಳಿದಿದ್ದುವು. 1987ರಲ್ಲಿ ಸರ್ಕಾರ ಆಮೆ ಪಾರಾಗುವ ಚೌಕಟ್ಟನ್ನು ಕಡ್ಡಾಯಗೊಳಿಸುವ ನಿಯಮಗಳನ್ನು ತಂದಾಗ ಮೀನುಗಾರರು ಪ್ರತಿಭಟಿಸಿದರು; 1989ರಲ್ಲಿ ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಬಂದರಿನ ದಾರಿಗಳನ್ನೇ ಕಟ್ಟಿದರು. ಅದೇ ವರ್ಷ, ಆಮೆಯನ್ನು ರಕ್ಷಿಸದ ದೇಶಗಳಿಂದ ಕಡಲ ಸಿಗಡಿಯನ್ನು ಆಮದು ಮಾಡಿಕೊಳ್ಳಬಾರದೆಂಬ ಶಾಸನವೂ ಅಲ್ಲಿ ಆಯಿತು. ಅದನ್ನು 1996ರಲ್ಲಿ ಏಷ್ಯದ ದೇಶಗಳಿಗೂ ಅನ್ವಯಿಸಿದಾಗ ಭಾರತ, ಮಲೇಷ್ಯ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ದಾವೆ ಹೂಡಿದುವು. 1998ರಲ್ಲಿ ಮೇಲ್ಮನವಿ ಮಂಡಲಿ ತೀರ್ಪಿತ್ತು, ಆಮೆಯನ್ನು ಉಳಿಸುವ ಉದ್ದೇಶ ನ್ಯಾಯವಾದುದೇ, ಆದರೆ ದೇಶ ದೇಶಗಳ ನಡುವೆ ಭೇದ ಮಾಡಿದ ರೀತಿ ನ್ಯಾಯವಲ್ಲ ಎಂದಿತು. ಒಂದು ಬಲೆಯ ಕಿಂಡಿ ಜಿನೀವಾದ ನ್ಯಾಯಪೀಠದ ಮುಂದೆ ಹೋಗಿ ನಿಂತ ಪ್ರಸಂಗ ಇದು.

ದಾವೆಯಲ್ಲಿ ನಮಗೆ ನ್ಯಾಯ ದೊರೆತರೂ ಆಮೆಗೆ ದೊರೆಯಿತೆಂದು ಹೇಳಲಾಗದು. ಆಲಿವ್ ರಿಡ್ಲಿ ಆಮೆಗಳು ಸಾವಿರ ಸಾವಿರವಾಗಿ ಬಂದು ಮೊಟ್ಟೆಯಿಡುವ ಒರಿಸ್ಸಾದ ಗಹಿರ್‌ಮಠದ ಕಡಲನ್ನು 1997ರಲ್ಲಿ ಅಭಯಾರಣ್ಯವೆಂದು ಸಾರಿದರೂ, ದಡಕ್ಕೆ ತೇಲಿಬರುವ ಸತ್ತ ಆಮೆಗಳ ಸುದ್ದಿ ಋತು ಋತುವಿಗೂ ಬರುತ್ತಲೇ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವ ಆಮೆ ಚೌಕಟ್ಟನ್ನು ರಚಿಸಿತು. ಮರಿಮೀನನ್ನು ಬಿಟ್ಟು ಸಿಗಡಿಯನ್ನು ಉಳಿಸಿಕೊಳ್ಳುವ ಅದರ ಇನ್ನೊಂದು ಸಾಧನಕ್ಕೆ 2005ರಲ್ಲಿ ಅಂತಾರಾಷ್ಟ್ರೀಯ ಬಹುಮಾನವೂ ಬಂದಿತು. ಜಾಣ್ಮೆಯ ಕೊರತೆ ನಮ್ಮಲ್ಲಿರಲಿಲ್ಲ. ಆದರೆ ಚೌಕಟ್ಟು ದೋಣಿಗಳನ್ನು ಸೇರಲಿಲ್ಲ. 2019ರಲ್ಲಿ ಅಮೆರಿಕ ನಮ್ಮ ಕಡಲ ಸಿಗಡಿಗೆ ಬಾಗಿಲು ಮುಚ್ಚಿತು.

ಇನ್ನು ನಮ್ಮ ಕರಾವಳಿ. ಭಾರತಕ್ಕೆ ಯಂತ್ರದೋಣಿಯ ಯುಗವನ್ನು ತಂದ ಪ್ರಯತ್ನಗಳಲ್ಲಿ ಮುಖ್ಯವಾದುದು 1952ರಲ್ಲಿ ಒಪ್ಪಂದವಾದ ಇಂಡೋ–ನಾರ್ವೇಜಿಯನ್ ಯೋಜನೆ. ಕೊಲ್ಲಂ ಬಳಿಯ ನೀಂಡಕರದಲ್ಲಿ ಅದು ಆರಂಭವಾಯಿತು. ಬಡ ಮೀನುಗಾರನ ಬಾಳನ್ನು ಹಸನುಗೊಳಿಸುವುದು ಅದರ ಆಶಯ. ಆದರೆ 1960ರ ದಶಕದಲ್ಲಿ ಹಿಮಗಟ್ಟಿಸಿದ ಸಿಗಡಿಗೆ ಅಮೆರಿಕ, ಜಪಾನುಗಳಲ್ಲಿ ಬೆಲೆ ಬಂದಾಗ ಯಂತ್ರದೋಣಿಗಳೆಲ್ಲ ಸಿಗಡಿಯ ಟ್ರಾಲಿನತ್ತ ತಿರುಗಿದುವು. ಆ ಅಲೆ ಉತ್ತರಕ್ಕೆ ಹರಿದು ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳನ್ನು ಮುಟ್ಟಿತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳೂ ಬಂದು, ಗುಂಪು ಮೀನು ದಡ ಸೇರುವ ಮೊದಲೇ ಅದನ್ನು ಸುತ್ತುವರಿದು ಹಿಡಿಯತೊಡಗಿದ ಮೇಲೆ, ಊರನ್ನೇ ಒಂದುಗೂಡಿಸುತ್ತಿದ್ದ ರಂಪಣಿ ಹಿಂದೆ ಸರಿಯಿತು. ಮೊಗವೀರ, ಖಾರ್ವಿ ಮೊದಲಾದ ಸಮಾಜಗಳಲ್ಲಿ ರಂಪಣಿಯ ಪಾಲು ಹಂಚಿಕೊಳ್ಳುತ್ತಿದ್ದ ಮನೆಗಳ ಮಕ್ಕಳೇ ಯಂತ್ರದೋಣಿಗಳಲ್ಲಿ ದುಡಿಯುವವರೂ ಒಡೆಯರೂ ಆದರು. ಆದುದರಿಂದ ಇದು ಒಂದೇ ಮನೆಯೊಳಗಿನ ವ್ಯಾಜ್ಯ. ಇದರಲ್ಲಿ ಒಂದು ಪಕ್ಷವನ್ನು ಖಳರೆಂದು ಕರೆಯುವುದು ಸಲ್ಲದು.

ಮೊದಲು ಟ್ರಾಲ್ ದೋಣಿಗಳು ಮುಂಜಾನೆ ಹೋಗಿ ಸಂಜೆಗೆ ಬರುತ್ತಿದ್ದುವು. ಬರುಬರುತ್ತ ಅವು ದೊಡ್ಡವಾಗಿ, ವಾರಗಟ್ಟಲೆ ಕಡಲಿನಲ್ಲಿಯೇ ಉಳಿದು, ಆಳದ ನೀರಿಗೂ ಹೋದುವು. ಬೇಡದ ಸಣ್ಣ ಮೀನನ್ನು ಮೊದಲು ಕಡಲಿಗೆ ಎಸೆಯುತ್ತಿದ್ದರು, ಏಕೆಂದರೆ ಅದಕ್ಕೆ ಬೆಲೆಯಿರಲಿಲ್ಲ. ಈಗ ಅದಕ್ಕೂ ಬೆಲೆಯುಂಟು. ಮೀನಿನ ಹುಡಿ ಮತ್ತು ಎಣ್ಣೆ ತಯಾರಿಸುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಆ ಹುಡಿ ಕೋಳಿಗೂ ಸಾಕಿದ ಸಿಗಡಿ ಮೀನುಗಳಿಗೂ ಆಹಾರವಾಗುತ್ತದೆ. 1376ರ ಬಿನ್ನಹದಲ್ಲಿ ಹಂದಿಯ ಬಾಯಿಗೆ ಬಿದ್ದದ್ದು ಇಲ್ಲಿ ಕೋಳಿಯ ಬಾಯಿಗೆ ಬೀಳುತ್ತಿದೆ. ಎಸೆಯುವ ಮೀನು ಕಡಿಮೆಯಾದುದರ ಒಂದು ರಹಸ್ಯ ಇದು. ಎಸೆಯುವುದು ನಿಂತಿತು, ಹಿಡಿಯುವುದು ನಿಲ್ಲಲಿಲ್ಲ. ನಿಜ ಹೇಳುವುದಾದರೆ, ಮೊದಲು ಬೇಡದ ಮೀನು ಮೀನುಗಾರನಿಗೆ ಹೊರೆಯಾಗಿತ್ತು. ಅದನ್ನು ಬಿಡುವ ಸಾಧನ ಸಿಕ್ಕಿದ್ದರೆ ಅವನು ಸಂತೋಷದಿಂದ ಬಿಡುತ್ತಿದ್ದ. ಈಗ ಅದು ಡೀಸೆಲ್ಲಿನ ಖರ್ಚಿಗಾದರೂ ಆಗುತ್ತದೆ. ಬೆಲೆ ಬಂದಾಕ್ಷಣ ಬಲೆಯ ಕಣ್ಣು ಕಿರಿದಾಗುತ್ತದೆ.

ಈ ಮರಿಮೀನುಗಳಲ್ಲಿ ಅನೇಕವು ಒಂದೆರಡು ಋತು ಕಳೆದರೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಪಡೆಯುವಂಥವು, ಒಮ್ಮೆಯಾದರೂ ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಸಬಲ್ಲಂಥವು. ಹುಡಿಯ ಬೆಲೆಗೆ ಅವನ್ನು ಮಾರುವುದೆಂದರೆ ಬಿತ್ತನೆಯ ಬೀಜವನ್ನು ದನದ ಮೇವಿಗೆ ಹಾಕಿದಂತೆ. ಇದನ್ನು ತಡೆಯಲು ಶಾಸನವಿಲ್ಲದೆ ಇಲ್ಲ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಶಾಸನ 1986ರದು. ಟ್ರಾಲಿನ ಕೊನೆಚೀಲದ ಕಣ್ಣು 35 ಮಿಲಿಮೀಟರಿಗಿಂತ ಕಿರಿದಾಗಬಾರದೆಂಬ ನಿಯಮ ನಮ್ಮಲ್ಲಿಯೂ ಇದೆ. ಚೌಕದ ಕಣ್ಣಿನ ಚೀಲವನ್ನು ಕೊಚ್ಚಿಯ ಸಂಸ್ಥೆ ಬಹುಕಾಲದಿಂದ ಶಿಫಾರಸು ಮಾಡುತ್ತ ಬಂದಿದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದೋಣಿಗಳು ದಡದಲ್ಲಿರುತ್ತವೆ. ರಜೆಯ ದಿನಗಳನ್ನು ಎಲ್ಲರೂ ಪಾಲಿಸುತ್ತಾರೆ, ಕಣ್ಣಿನ ಅಳತೆಯನ್ನು ಪಾಲಿಸುವವರು ಕಡಿಮೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಬಂದರಿನಲ್ಲಿ ನಿಂತ ದೋಣಿ ಎಲ್ಲರ ಕಣ್ಣಿಗೂ ಕಾಣುತ್ತದೆ. ನೆರೆಯವನ ದೋಣಿಯೂ ನಿಂತಿದೆ ಎಂಬ ಭರವಸೆ ನನಗಿರುತ್ತದೆ. ನೀರಿನಡಿಯ ಬಲೆ ಯಾರಿಗೂ ಕಾಣುವುದಿಲ್ಲ. ನಾನು ಇಂದು ಬಿಟ್ಟ ಮರಿ ನಾಳೆ ನೆರೆಯವನ ಸಣ್ಣ ಕಣ್ಣಿನ ಬಲೆಗೆ ಬೀಳುವುದಾದರೆ ನಾನೇಕೆ ಬಿಡಲಿ? ಸಾಲ ಮಾಡಿ ದೋಣಿ ಕಟ್ಟಿಸಿದವನು, ಡೀಸೆಲ್ಲಿಗೂ ಮಂಜುಗಡ್ಡೆಗೂ ಮುಂಗಡ ಕೊಟ್ಟವನು ಈ ಪ್ರಶ್ನೆಯನ್ನು ಕೇಳಿದರೆ ಅವನನ್ನು ದುರಾಶೆಯವನೆಂದು ಜರೆದು ಪ್ರಯೋಜನವಿಲ್ಲ.

ಶತಪಥ ಬ್ರಾಹ್ಮಣದಲ್ಲಿ ಮನುವಿನ ಕಥೆಯೊಂದಿದೆ. ಬೆಳಗ್ಗೆ ಕೈತೊಳೆಯುತ್ತಿದ್ದ ಮನುವಿನ ಕೈಗೆ ಒಂದು ಪುಟ್ಟ ಮೀನು ಬಂದು, ತನ್ನನ್ನು ಕಾಪಾಡೆಂದು ಬೇಡುತ್ತದೆ. ಚಿಕ್ಕವರಾಗಿರುವಷ್ಟು ಕಾಲ ನಮಗೆ ಭಯ ಹೆಚ್ಚು, ಮೀನೇ ಮೀನನ್ನು ನುಂಗುತ್ತದೆ ಎಂಬುದು ಅದರ ಅಳಲು. ಮನು ಅದನ್ನು ಮೊದಲು ಗಡಿಗೆಯಲ್ಲಿ, ಬಳಿಕ ಹೊಂಡದಲ್ಲಿ ಬೆಳೆಸಿ, ಅಪಾಯ ದಾಟುವಷ್ಟು ದೊಡ್ಡದಾದ ಮೇಲೆ ಕಡಲಿಗೆ ಬಿಡುತ್ತಾನೆ. ಪ್ರಳಯ ಬಂದಾಗ ಅವನ ನಾವೆಯನ್ನು ಎಳೆದು ದಡ ಸೇರಿಸಿದ್ದು ಆ ಮೀನೇ. ‘ಮತ್ಸ್ಯನ್ಯಾಯ’ವೆಂದರೆ ಬಲ್ಲಿದನು ಬಡವನನ್ನು ನುಂಗುವ ಅರಾಜಕತೆಯೆಂದು ನಮ್ಮ ರಾಜನೀತಿ ಗ್ರಂಥಗಳು ಹೇಳುತ್ತವೆ. ಅದೇ ಮೀನಿನ ಮೂಲಕ, ಎಳೆಯದನ್ನು ಬೆಳೆಯಗೊಟ್ಟವನು ತಾನೂ ಉಳಿಯುತ್ತಾನೆಂಬ ಇನ್ನೊಂದು ನ್ಯಾಯವನ್ನೂ ನಮ್ಮ ಪ್ರಾಚೀನರು ಹೇಳಿದ್ದಾರೆ.

ಚರಿತ್ರೆಯಿಂದ ತಿಳಿಯುವುದೇನೆಂದರೆ, ಬಿಡುವ ಬಲೆಯನ್ನು ಹೆಣೆಯುವ ವಿದ್ಯೆ ನಮಗೆ ದೊರೆತಾಗಿದೆ. ಅದು ಫಲಿಸಿದ್ದು ಮೀನುಗಾರನಿಗೆ ಲಾಭ ಕಂಡಲ್ಲಿ, ಬಂದರಿನ ಎಲ್ಲ ದೋಣಿಗಳೂ ಒಂದೇ ದಿನ ಒಂದೇ ಕಣ್ಣಿಗೆ ಒಪ್ಪಿದಲ್ಲಿ. ಆದುದರಿಂದ ಕಣ್ಣಿನ ಅಳತೆಯನ್ನು ಗೊತ್ತುಪಡಿಸುವಾಗ ಮೀನುಗಾರರನ್ನೇ ಕೂಡಿಸಿಕೊಳ್ಳಬೇಕು. ಹೊಸ ಚೀಲದ ಖರ್ಚಿನಲ್ಲಿ ಸರ್ಕಾರ ಪಾಲು ಹೊರಬೇಕು. ಬಲೆಯನ್ನು ಬಂದರಿನಲ್ಲಿಯೇ, ದೋಣಿ ಹೊರಡುವ ಮೊದಲೇ ಅಳೆಯಬೇಕು. ಮರಿಮೀನನ್ನು ಕೊಳ್ಳುವ ಕಾರ್ಖಾನೆಯೂ ದೋಣಿಯವನಷ್ಟೇ ಉತ್ತರವಾದಿಯಾಗಬೇಕು. ರಂಪಣಿಯ ಕಾಲದಲ್ಲಿ ಊರಿಗೆ ಊರೇ ಸೇರಿ ಹಗ್ಗ ಹಿಡಿದು, ಬಂದ ಮೀನನ್ನು ಪಾಲು ಹಂಚಿಕೊಂಡ ಜನ ನಮ್ಮ ಕರಾವಳಿಯವರು. ಕೂಡಿ ಹಿಡಿಯುವುದನ್ನು ಬಲ್ಲ ಅವರಿಗೆ ಕೂಡಿ ಬಿಡುವುದು ಅಸಾಧ್ಯವಾಗಲಾರದು.